ಹೆಬ್ಬಗೋಡಿಯ ಮೂರನೆಯ ಸಹಿ

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಮೆಜೆಸ್ಟಿಕ್ಕಿನಲ್ಲಿ ಪೀಣ್ಯದ ಬಸ್ಸು ಹತ್ತಿದೆವು. ನಾವು ಎಂದರೆ ನಾನು, ಎಸ್ತರ್ ಬಾಯಿ ಮತ್ತು ಒಂದು ರಟ್ಟಿನ ಫೈಲು. ನಾನು ಗಿರಿಜಾ, ದಾವಣಗೆರೆಯವಳು, ಬೆಂಗಳೂರಿನ ಒಂದು ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಹದಿನಾಲ್ಕು ವರ್ಷದಿಂದ ಟೀಚರು. ಎಸ್ತರ್ ಬಾಯಿ ಅರವತ್ತು ದಾಟಿದ ನಿವೃತ್ತ ನರ್ಸು, ಕೊಂಕಣ ಕರಾವಳಿಯ ಯಹೂದಿ ಮನೆತನದವರು. ಮದುವೆಯಾಗಿ ಈ ಊರಿಗೆ ಬಂದು ನಲವತ್ತು ವರ್ಷವಾಗಿತ್ತು. ಮನೆಯಲ್ಲಿ ಮರಾಠಿ, ದೇವರ ಮುಂದೆ ಹೀಬ್ರೂ, ಕಂಡಕ್ಟರನ ಮುಂದೆ ಕನ್ನಡ. ಆಗಸ್ಟ್ ತಿಂಗಳ ಮೋಡ ಕವಿದಿತ್ತು, ಮಳೆ ಇರಲಿಲ್ಲ. ಟಿಕೆಟ್ಟಿಗೆ ಮೂರು ರೂಪಾಯಿ ಕೊಟ್ಟು ಯಶವಂತಪುರದವರೆಗೆ ನಿಂತುಕೊಂಡೇ ಹೋದೆವು.

ಯಹೂದಿಗಳು ಬೆಂಗಳೂರಿನಲ್ಲಿ ಎಲ್ಲಿದ್ದಾರೆ ಎಂದು ದಾವಣಗೆರೆಯ ಓದುಗರು ಕೇಳುವುದು ಸಹಜ. ಎಸ್ತರ್ ಬಾಯಿಯನ್ನು ಕಾಣುವವರೆಗೆ ನನಗೂ ಗೊತ್ತಿರಲಿಲ್ಲ. ಬೆರಳೆಣಿಕೆಯ ಮನೆಗಳು, ಅವೂ ಒಂದು ಪೀಣ್ಯದಲ್ಲಿ, ಒಂದು ವೈಟ್‌ಫೀಲ್ಡಿನಲ್ಲಿ, ಒಂದು ಹೊಸೂರು ರಸ್ತೆಯ ತುದಿಯಲ್ಲಿ. ಅವರಿಗೆ ಈ ಊರಿನಲ್ಲಿ ಸ್ಮಶಾನವಿದೆ, ಪ್ರಾರ್ಥನಾ ಮಂದಿರವಿಲ್ಲ. "ಸಾಯೋಕೆ ಅನುಕೂಲ ಮಾಡಿಕೊಟ್ಟಿದಾರೆ ಕಣಮ್ಮ, ಮಿಕ್ಕಿದ್ದು ನಾವೇ ನೋಡ್ಕೋಬೇಕು" ಎಂದು ಎಸ್ತರ್ ಬಾಯಿ ನಗುತ್ತಿದ್ದರು.

ಅವರ ಮೊಮ್ಮಗಳು ಲೇಯಾ ಎರಡು ವರ್ಷದ ಹಿಂದೆ ನಮ್ಮ ಶಾಲೆಗೆ ಸೇರಿದಳು. ದುಂಡು ಮುಖದ, ನಿಧಾನ ಮಾತಿನ ಹುಡುಗಿ, ಆಗ ಎಂಟು ವರ್ಷ. ಒಂದು ತಿಂಗಳು ಅವಳು ತುಟಿ ಬಿಚ್ಚಲಿಲ್ಲ. ಕೊನೆಗೆ ಅಜ್ಜಿಯೇ ಬಂದು ಹಿಂದಿನ ಬೆಂಚಿನಲ್ಲಿ ಕೂತು, ನಾನು ಕನ್ನಡದಲ್ಲಿ ಕೇಳಿದ್ದನ್ನು ಮರಾಠಿಯಲ್ಲಿ ಕೇಳತೊಡಗಿದರು. ಹುಡುಗಿ ನಿಧಾನವಾಗಿ, ಆದರೆ ಎಲ್ಲಕ್ಕೂ ಉತ್ತರಿಸಿದಳು. ಅಂದಿನಿಂದ ನಾನು ಯಾವ ಸಭೆಗೆ ಹೋದರೂ ಒಂದೇ ಭಾಷಣ: ಮಗುವನ್ನು ಮೊದಲು ಅದರ ತಾಯಿಯ ಮಾತಿನಲ್ಲಿ ಕೇಳಿ, ಆಮೇಲೆ ತೀರ್ಪು ಕೊಡಿ. ಇದನ್ನು ನಾನೇ ಕಂಡುಹಿಡಿದವಳಂತೆ ಹೇಳಿಕೊಂಡು ತಿರುಗುತ್ತಿದ್ದೆ, ಚಪ್ಪಾಳೆಯನ್ನೂ ತಟ್ಟಿಸಿಕೊಂಡಿದ್ದೆ.

ಈ ಪ್ರಯಾಣ ಹೊರಟಿದ್ದು ಒಂದು ಪತ್ರದಿಂದ. ಬೊಂಬಾಯಿಯಲ್ಲಿ ಅವರದೇ ಸಮಾಜದ ಒಂದು ಸಂಸ್ಥೆ, ಇಂಥ ಮಕ್ಕಳಿಗೆ ಕಲಿಸಲು ತರಬೇತಿ ಪಡೆದ ಟೀಚರೊಬ್ಬರನ್ನು ಎರಡು ವರ್ಷಕ್ಕೆ ಕಳಿಸಲು ಸಿದ್ಧವಿತ್ತು. ಆಕೆಗೆ ಮರಾಠಿ ಬರುತ್ತದೆ, ಕಿವುಡರ ಕೈಮಾತೂ ಬರುತ್ತದೆ, ಅಕ್ಷರದ ಜೊತೆಗೆ ಅವರ ಪ್ರಾರ್ಥನೆ ಹಬ್ಬಗಳನ್ನೂ ಕಲಿಸಬಲ್ಲರು. ಷರತ್ತು ಒಂದೇ: ಕಡೇಪಕ್ಷ ಮೂರು ಮಕ್ಕಳಿರಬೇಕು, ಮೂವರ ತಂದೆಯದೋ ತಾಯಿಯದೋ ಸಹಿ ಬೇಕು. ಸೋಮವಾರದ ರೈಲಿನಲ್ಲಿ ಎಸ್ತರ್ ಬಾಯಿಯ ಮೈದುನ ಬೊಂಬಾಯಿಗೆ ಹೊರಟಿದ್ದರು, ಕಾಗದ ಅವರ ಕೈಯಲ್ಲೇ ಹೋಗಬೇಕು. ಇಲ್ಲವಾದರೆ ಟೀಚರು ಬೇರೆ ಊರಿಗೆ. ಲೇಯಾಳ ತಂದೆಯ ಸಹಿ ಆಗಲೇ ಬಿದ್ದಿತ್ತು. ಇನ್ನೆರಡು ಬೇಕಿತ್ತು, ಎಸ್ತರ್ ಬಾಯಿಗೆ ತಿಳಿದ ಮನೆಗಳು ಮೂರು ಇದ್ದವು.

ತರಗತಿಗೆ ಜಾಗವೂ ಆಗಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿ ಎಸ್ತರ್ ಬಾಯಿಯ ಮನೆಯ ಮೇಲಿನ ಕೋಣೆಗೆ ನಾನೇ ನಿಂತು ಸುಣ್ಣ ಹೊಡೆಸಿದ್ದೆ, ಮಕ್ಕಳ ಕೈಗೆಟುಕುವಷ್ಟು ಕೆಳಗೆ ಕರಿಹಲಗೆ ಹಾಕಿಸಿದ್ದೆ. ಅರ್ಜಿಯ ಕೊನೆಯಲ್ಲಿ ಸ್ಥಳೀಯ ಮೇಲ್ವಿಚಾರಕರು ಎಂಬ ಸಾಲಿನ ಮುಂದೆ ನನ್ನ ಹೆಸರು ಟೈಪಾಗಿತ್ತು. ಮುಚ್ಚಿಡುವುದೇಕೆ, ಆ ಸಾಲಿನ ಮೇಲೆ ನನಗೆ ಆಸೆಯಿತ್ತು. ಹದಿನಾಲ್ಕು ವರ್ಷ ಶಾಲೆಯ ಸಿಮೆಂಟ್ ಶೀಟಿನ ಕೆಳಗೆ ಮಕ್ಕಳ ಕೈಯಲ್ಲಿ ಮಣಿ ಪೋಣಿಸಿಸಿ ಸಾಕಾಗಿತ್ತು. ಒಂದಾದರೂ ತರಗತಿ ನನ್ನ ಮನಸ್ಸಿಗೆ ಬಂದಂತೆ ನಡೆಯಬೇಕೆಂದಿತ್ತು.

ದಾರಿಯಲ್ಲಿ ಸೀಟು ಸಿಕ್ಕಿದ ಮೇಲೆ ಮಾತು ಊರುಕೇರಿಗೆ ತಿರುಗಿತು. ನಮ್ಮದು ಗಾಣದ ಮನೆತನ, ಅಜ್ಜ ಎಣ್ಣೆ ತೆಗೆಯುತ್ತಿದ್ದರು ಎಂದೆ. ಎಸ್ತರ್ ಬಾಯಿ ನನ್ನ ತೊಡೆಯ ಮೇಲೊಂದು ಏಟು ಹಾಕಿದರು.

"ಅಯ್ಯೋ, ನಮ್ಮೋರೂ ಅದೇ ಕಣೇ! ಕೊಂಕಣದಲ್ಲಿ ಗಾಣ ಆಡಿಸ್ತಿದ್ರು. ಶನಿವಾರ ಮಾತ್ರ ಎತ್ತು ಬಿಚ್ಚಿ ಬಿಡ್ತಿದ್ರು. ಅದಕ್ಕೇ ಜನ ಶನಿವಾರದ ಎಣ್ಣೆಯೋರು ಅಂತ ಕರೀತಿದ್ರಂತೆ."

"ನಮ್ಮಲ್ಲಿ ಸೋಮವಾರ ಬಿಡ್ತಿದ್ರು. ಬಸವಣ್ಣನ ದಿನ."

"ಒಟ್ನಲ್ಲಿ ಎತ್ತಿಗೆ ಒಂದು ರಜಾ ಸಿಕ್ತಿತ್ತು ಬಿಡು."

ಪೀಣ್ಯ ಎರಡನೇ ಹಂತದಲ್ಲಿ ಇಳಿದಾಗ ಎಂಟೂಮುಕ್ಕಾಲು. ಕಬ್ಬಿಣ ಕೊರೆಯುವ ವಾಸನೆ ಮೂಗಿಗೆ ಹತ್ತಿಕೊಂಡಿತು. ಒಂದು ಸಣ್ಣ ಹೋಟೆಲಿನಲ್ಲಿ ಇಡ್ಲಿ ತಿಂದು, ಎರಡು ಗಲ್ಲಿ ದಾಟಿ ಐಸಾಕ್ ಕೆಲಸ ಮಾಡುವ ಲೇತ್ ಶೆಡ್ಡಿಗೆ ಹೋದೆವು. ಅವರು ಅಲ್ಲಿ ಟರ್ನರ್, ಶೆಡ್ಡಿನ ಹಿಂದಿನ ಒಂದು ಕೋಣೆಯಲ್ಲೇ ಸಂಸಾರ. ಮಗ ಸ್ಯಾಮ್ಯುಯೆಲ್‌ಗೆ ಎಂಟು ವರ್ಷ, ಹುಟ್ಟು ಕಿವುಡ. ನಾವು ಹೋದಾಗ ಅವನು ಓಡದೆ ನಿಂತಿದ್ದ ಲೇತಿನ ಮೇಲೆ ಅಂಗೈಯಿಟ್ಟುಕೊಂಡು, ಪಕ್ಕದ ಯಂತ್ರದ ಅದುರು ಬರುವುದನ್ನು ಕಾಯುತ್ತಿದ್ದ. ಕಿವುಡ ಮಗುವಿಗೂ ಬುದ್ಧಿಮಾಂದ್ಯ ಮಗುವಿಗೂ ಒಂದೇ ತರಗತಿ ಸರಿಯಲ್ಲವೆಂದು ನಾನು ಬಲ್ಲೆ. ಆದರೆ ಬಗೆಬಗೆಯ ತರಗತಿ ಮಾಡುವಷ್ಟು ಮಕ್ಕಳೂ ಇರಲಿಲ್ಲ, ಟೀಚರೂ ಇರಲಿಲ್ಲ.

ಐಸಾಕ್ ಅರ್ಜಿಯನ್ನು ಓದಲಿಲ್ಲ. "ಮೇಡಂ, ಇವನು ಪ್ರಾರ್ಥನೆ ಕಲೀತಾನಾ?" ಎಂದಷ್ಟೇ ಕೇಳಿದರು.

"ಕೈಯಲ್ಲಿ ಕಲೀತಾನೆ."

"ಹಳೇ ಕಟ್ಟಳೆ ಪ್ರಕಾರ ಕಿವುಡನಿಗೆ ಎಲ್ಲ ವಿನಾಯಿತಿ ಅಂತೆ, ಹಿರಿಯರು ಹೇಳಿದ್ರು. ಅವನು ಮಾಡದಿದ್ರೂ ದೋಷ ಇಲ್ವಂತೆ. ನನಗೆ ವಿನಾಯಿತಿ ಬೇಡ ಮೇಡಂ. ಎಲ್ಲಿ ಹಾಕ್ಬೇಕು ಸಹಿ?"

ಎಣ್ಣೆಗೈ ಒರೆಸಿಕೊಂಡು ಸಹಿ ಹಾಕಿದರು. ಒರೆಸಿದ್ದು ಸಾಲದೆ ಕಾಗದದ ಅಂಚಿಗೆ ಕರಿ ಹೆಬ್ಬೆಟ್ಟೂ ಬಿತ್ತು. ಅದಕ್ಕೆ ಅವರು ನೊಂದುಕೊಂಡಷ್ಟು ನಾವು ನೊಂದುಕೊಳ್ಳಲಿಲ್ಲ. ಎರಡು ಸಹಿಯಾಯಿತು, ಇನ್ನೊಂದೇ ಎಂದು ನಾನು ಬಹಳ ಹಗುರಾಗಿ ಹೊರಟೆ.

ಮತ್ತೆ ಮೆಜೆಸ್ಟಿಕ್, ಅಲ್ಲಿಂದ ವೈಟ್‌ಫೀಲ್ಡ್. ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಎರಡು ಗಂಟೆ. ವಿಮಾನ ಕಾರ್ಖಾನೆ ದಾಟಿದ ಮೇಲೆ ರಸ್ತೆಯ ತುಂಬ ಜಲ್ಲಿ ಲಾರಿಗಳು. ಕಿಟಕಿ ಮುಚ್ಚಿದರೆ ಬೆವರು, ತೆರೆದರೆ ಧೂಳು. ಹೊಲಗಳ ನಡುವೆ ದೊಡ್ಡ ದೊಡ್ಡ ಕಟ್ಟಡಗಳಿಗೆ ಪಾಯ ತೆಗೆದಿದ್ದರು. ಕಂಪ್ಯೂಟರಿನವರು ಬರುತ್ತಾರಂತೆ ಎಂದು ಪಕ್ಕದ ಸೀಟಿನವರೊಬ್ಬರು ಮದುವೆ ದಿಬ್ಬಣ ಬರುವಂತೆ ಹೇಳಿದರು. ಅವರ ಆಹಾರದ ಕಟ್ಟಳೆಯಿಂದಾಗಿ ಎಸ್ತರ್ ಬಾಯಿ ಹೊರಗೆ ತಿನ್ನುವುದು ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮೊಸರನ್ನ ಮಾತ್ರ. ಸ್ಟಾಪಿನ ಬಳಿ ಅದೂ ಸಿಗದೆ ಬಾಳೆಹಣ್ಣು ತಿಂದೆವು.

ಡೇವಿಡ್ ಅವರದು ಹಳೆಯ ಬಂಗಲೆಗಳ ಸಾಲಿನಲ್ಲಿ ಒಳ್ಳೆಯ ಮನೆ, ಮುಂದೆ ಗುಲಾಬಿ ಕುಂಡಗಳು. ಒಂದು ರಫ್ತು ಕಂಪನಿಯಲ್ಲಿ ಮ್ಯಾನೇಜರ್ ಆಗಿದ್ದರು, ಅಂದು ಬೇಗ ಮನೆಗೆ ಬಂದಿದ್ದರು. ಬಾಗಿಲಿನ ಬಲಗಡೆಯ ಚೌಕಟ್ಟಿಗೆ ಬೆರಳುದ್ದದ ಹಿತ್ತಾಳೆ ಕೊಳವೆಯೊಂದನ್ನು ಓರೆಯಾಗಿ ಬಡಿದಿದ್ದರು. ಅದರೊಳಗೆ ಶಾಸ್ತ್ರದ ಸಾಲುಗಳನ್ನು ಬರೆದ ಸುರುಳಿ ಇರುತ್ತದೆ, ಎಲ್ಲ ಯಹೂದಿ ಮನೆಗಳಿಗೂ ಅದು ಗುರುತು. ಎಸ್ತರ್ ಬಾಯಿ ಅದನ್ನು ಮುಟ್ಟಿ ಬೆರಳನ್ನು ತುಟಿಗೊತ್ತಿಕೊಂಡು ಒಳಗೆ ಬಂದರು. ಚಹಾ ಬಂತು, ಬಿಸ್ಕತ್ತು ಬಂತು. ವಿಷಯ ಎತ್ತಿದ ಕೂಡಲೇ ಡೇವಿಡ್ ಕಪ್ಪು ಕೆಳಗಿಟ್ಟರು.

"ಯಾರೋ ನಿಮಗೆ ತಪ್ಪು ಹೇಳಿದಾರೆ ಮೇಡಂ. ನಮಗೆ ಒಬ್ಳೇ ಮಗಳು. ಕಾಲೇಜಲ್ಲಿದಾಳೆ."

ಒಳಕೋಣೆಯಲ್ಲಿ ಯಾರೋ ಒಂದೇ ಸಮನೆ ಸ್ಟೀಲಿನ ಮುಚ್ಚಳ ತಿರುಗಿಸುತ್ತಿದ್ದ ಸದ್ದು ನಮಗೆಲ್ಲರಿಗೂ ಕೇಳುತ್ತಿತ್ತು. ಅದು ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು.

ಎಸ್ತರ್ ಬಾಯಿ ದನಿ ಏರಿಸಲಿಲ್ಲ. "ಡೇವಿಡ್, ಎಂಟನೇ ದಿನದ ಸುನ್ನತಿ ಶಾಸ್ತ್ರದಲ್ಲಿ ನಿನ್ನ ಮಗನ್ನ ತಾಯಿ ಹತ್ರದಿಂದ ಎತ್ಕೊಂಡು ಬಂದು ಗಂಡಸರ ಕೈಗೆ ಕೊಟ್ಟೋಳು ನಾನೇ. ನನ್ನ ಎದುರಿಗೆ ಇಲ್ಲ ಅನ್ಬೇಡ" ಎಂದರು.

ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತೋ ಏನೋ. ನನ್ನ ನಾಲಗೆ ಸುಮ್ಮನಿರುವ ಜಾತಿಯದಲ್ಲ. ಮಗುವನ್ನು ಕೋಣೆಗೆ ಹಾಕಿ ಬೀಗ ಹಾಕುವವರು ಓದಿದವರೇ ಎಂದೆ, ಕಲಿಯಬಲ್ಲ ಮಗುವಿನ ವರ್ಷಗಳನ್ನು ಹಾಳುಮಾಡಿದ ಪಾಪ ದೊಡ್ಡದು ಎಂದೆ. ಭಾಷೆಯ ಭಾಷಣವನ್ನೂ ಬಿಡಲಿಲ್ಲ. ಡೇವಿಡ್ ಅವರ ಹೆಂಡತಿ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತ ಕೂತಿದ್ದರು.

"ಮೇಡಂ, ನಿಮ್ಮಂಥೋರ ಹತ್ರ ನಾಲ್ಕು ಕಡೆ ಹೋಗಿ ಬಂದ್ಮೇಲೇ ನಾವು ಬಾಗಿಲು ಹಾಕಿದ್ದು" ಎಂದರು ಡೇವಿಡ್. "ಭಾನುವಾರ ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾರೆ. ಇರೋದೇ ನಾಲ್ಕು ಮನೆ. ಈ ಲಿಸ್ಟಲ್ಲಿ ಹೆಸರು ಬಂದ್ರೆ ನಾಳೆ ಎಲ್ಲರಿಗೂ ಗೊತ್ತಾಗತ್ತೆ. ಪ್ಲೀಸ್, ಹೊರಡಿ."

ಗೇಟು ದಾಟಿದ ಮೇಲೂ ನಾನು ಬೈಯುತ್ತಲೇ ಇದ್ದೆ. ಎಂಥ ಜನ, ಹೆತ್ತ ಮಗುವನ್ನು ಇಲ್ಲ ಎನ್ನಲು ಬಾಯಿ ಹೇಗೆ ಬರುತ್ತದೆ ಎಂದು. ಎಸ್ತರ್ ಬಾಯಿ ಆಕಾಶ ನೋಡಿದರು. "ಬೈದಿದ್ದು ಸಾಕು ಗಿರಿಜಾ. ಬೇಗ ನಡಿ, ಹೊತ್ತು ಮುಳುಗೋದ್ರೊಳಗೆ ಮನೆ ಸೇರ್ಬೇಕು."

ಶುಕ್ರವಾರ ಸೂರ್ಯ ಮುಳುಗಿದರೆ ಅವರಿಗೆ ಶಬ್ಬಾತ್ ಶುರು. ಅಲ್ಲಿಂದ ಶನಿವಾರ ಸಂಜೆಯವರೆಗೆ ಗಾಡಿ ಹತ್ತುವಂತಿಲ್ಲ, ಹಣ ಮುಟ್ಟುವಂತಿಲ್ಲ, ಬರೆಯುವಂತಿಲ್ಲ. ನಾಲ್ಕೂವರೆಯ ಬಸ್ಸು ಹತ್ತಿದೆವು, ಅದು ಮಾರತ್ತಹಳ್ಳಿಯಲ್ಲಿ ಟೈರು ಪಂಕ್ಚರಾಗಿ ನಿಂತಿತು. ಬೇರೆ ಬಸ್ಸು ಹಿಡಿದು ದೊಮ್ಮಲೂರಿಗೆ ಬರುವಷ್ಟರಲ್ಲಿ ಮೋಡದ ಕೆಳಗೆ ಕೆಂಪು ಗೆರೆ ಉಳಿದಿತ್ತು. ಎಸ್ತರ್ ಬಾಯಿ ಎದ್ದು ಇಳಿದೇಬಿಟ್ಟರು. ಪರ್ಸನ್ನು ನನ್ನ ಕೈಗೆ ತುರುಕಿ, "ಇದು ನಿನ್ನ ಹತ್ರ ಇರ್ಲಿ, ಭಾನುವಾರ ಕೊಡು. ನೀನು ಬಸ್ಸಲ್ಲೇ ಹೋಗು" ಎಂದರು. ನಾನೂ ಇಳಿದೆ. ಅರವತ್ತು ದಾಟಿದವರನ್ನು ಹಾಗೆ ಬಿಟ್ಟು ಹೋಗುವುದು ಹೇಗೆ?

ಐದಾರು ಕಿಲೋಮೀಟರು ನಡೆದೆವು. ಆಟೋಗಳು ಪಕ್ಕಕ್ಕೆ ಬಂದು ಬಂದು ಹೋದವು. ಅವರ ಮೊಣಕಾಲು ನೋಯುತ್ತಿತ್ತು, ಅದನ್ನು ಅವರು ಹೇಳಲಿಲ್ಲ, ಆದರೆ ನಡೆ ನೋಡಿದರೆ ತಿಳಿಯುತ್ತಿತ್ತು. ಮನೆ ಮುಟ್ಟಿದಾಗ ಸೊಸೆ ಆಗಲೇ ದೀಪ ಹಚ್ಚಿದ್ದಳು, ಗಾಜಿನ ಲೋಟದಲ್ಲಿ ನೀರು, ಅದರ ಮೇಲೆ ಎಣ್ಣೆ, ಎಣ್ಣೆಯಲ್ಲಿ ಬತ್ತಿ. ಲೇಯಾ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತ, ಬೆರಳ ಸಂದಿಯಿಂದ ನನ್ನನ್ನು ನೋಡಿ ನಕ್ಕಳು. ಆ ಮನೆಯವಳೇ ಆಗಿಬಿಟ್ಟಂತೆ ನನಗೆ ಹಿತವಾಯಿತು. ಈ ಹುಡುಗಿಗಾಗಿಯಾದರೂ ಮೂರನೆಯ ಸಹಿ ತಂದೇ ತರುತ್ತೇನೆ ಎಂದುಕೊಂಡು ಮನೆಗೆ ಹೋದೆ.

ಶನಿವಾರ ಅವರಿಗೆ ವಿರಾಮ, ನನಗೆ ಅರ್ಧ ದಿನದ ಶಾಲೆ.

ಭಾನುವಾರ ಒಂಬತ್ತಕ್ಕೆ ವಿಲ್ಸನ್ ಗಾರ್ಡನ್ನಿನಿಂದ ಹೊಸೂರು ರಸ್ತೆಯ ಬಸ್ಸು. ನಾಲ್ಕು ರೂಪಾಯಿ ಟಿಕೆಟ್ಟು, ರಜಾದಿನವಾದ್ದರಿಂದ ಕೂರಲು ಜಾಗವಿತ್ತು. ಬೊಮ್ಮನಹಳ್ಳಿ ದಾಟಿ, ಬೇಗೂರಿನ ತಿರುವು ದಾಟಿ, ಎಲೆಕ್ಟ್ರಾನಿಕ್ ಸಿಟಿಯ ಉದ್ದುದ್ದ ಕಾಂಪೌಂಡುಗಳನ್ನೂ ದಾಟಿ ಹೆಬ್ಬಗೋಡಿಯಲ್ಲಿ ಇಳಿದೆವು. ತಮಿಳುನಾಡಿನ ಲಾರಿಗಳ ನಡುವೆ ರಸ್ತೆ ದಾಟಲು ಹತ್ತು ನಿಮಿಷ ಹಿಡಿಯಿತು. ಎಸ್ತರ್ ಬಾಯಿಗೆ ಗೊತ್ತಿದ್ದದ್ದು ಇಷ್ಟೇ: ಹೋದ ವರ್ಷದ ಹಬ್ಬದಲ್ಲಿ ಕಂಡ ಜೋಸೆಫ್ ಎಂಬುವರು ಇಲ್ಲಿಯ ಕಾರ್ಖಾನೆಯೊಂದರಲ್ಲಿದ್ದಾರೆ, ಅವರಿಗೆ ಮಾತು ನಿಧಾನವಾದ ಮಗಳಿದ್ದಾಳೆ, ಹಿಟ್ಟಿನ ಗಿರಣಿಯ ಹಿಂದಿನ ರೆಡ್ಡಿಯವರ ವಠಾರದಲ್ಲಿ ಮನೆ.

ವಠಾರವೆಂದರೆ ಎದುರುಬದುರು ಎರಡು ಸಾಲು, ಒಂದೊಂದು ಸಾಲಿಗೆ ಹನ್ನೆರಡು ಕೋಣೆ, ಮೇಲೆ ಸಿಮೆಂಟ್ ಶೀಟು. ನಡುವೆ ಮೋರಿ. ರಾಯಚೂರು, ಗುಲ್ಬರ್ಗ ಕಡೆಯ ಕಟ್ಟಡ ಕೆಲಸದವರೇ ಹೆಚ್ಚು. ಭಾನುವಾರವಾದ್ದರಿಂದ ಬಟ್ಟೆ ಒಗೆಯುವ ಸದ್ದು, ರೊಟ್ಟಿ ಬಡಿಯುವ ಸದ್ದು. ಜೋಸೆಫ್ ಎಂದರೆ ಯಾರಿಗೂ ತಿಳಿಯಲಿಲ್ಲ. ಎಸ್ತರ್ ಬಾಯಿ ಕೇಳುವುದು ಬಿಟ್ಟು ಪ್ರತಿ ಬಾಗಿಲಿನ ಬಲ ಚೌಕಟ್ಟಿನ ಮೇಲೆ ಕೈಯಾಡಿಸುತ್ತ ಹೊರಟರು. ಹನ್ನೊಂದನೆಯ ಬಾಗಿಲಿನಲ್ಲಿ ಸುಣ್ಣದ ಕೆಳಗೆ ಬೆರಳುದ್ದದ ಉಬ್ಬು ಸಿಕ್ಕಿತು. ಮಾಲೀಕರ ಕಡೆಯವರು ಗೋಡೆಯ ಜೊತೆಗೆ ಅದಕ್ಕೂ ಬಳಿದು ಹೋಗಿದ್ದರು.

ಬಾಗಿಲು ತೆರೆದವರು ಜೋಸೆಫರ ಹೆಂಡತಿ ರಾಹೇಲ್, ಮೂವತ್ತೈದರ ಹೆಂಗಸು. ಗಂಡ ಶಿಫ್ಟಿಗೆ ಹೋಗಿದ್ದರು. ನಮ್ಮನ್ನು ಚಾಪೆಯ ಮೇಲೆ ಕೂರಿಸಿ ನೀರು ಕೊಟ್ಟರು. ಎಸ್ತರ್ ಬಾಯಿ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು: ಬೊಂಬಾಯಿಯ ಟೀಚರು, ಮೇಲಿನ ಕೋಣೆ, ಒಂದೇ ಬಸ್ಸಿನ ದಾರಿ. ರಾಹೇಲ್ ಹೂಂ ಎನ್ನುತ್ತ ಕೇಳಿದರು, ಆದರೆ ಕಣ್ಣು ಮಾತಾಡುವವರ ಮೇಲಿರಲಿಲ್ಲ, ನನ್ನ ಮೇಲಿತ್ತು. ಮಾತು ಮುಗಿದಾಗ ಎದ್ದು ಮಂಚದ ಕೆಳಗಿನ ಟ್ರಂಕು ಎಳೆದರು. ಪೆನ್ನು ತರುತ್ತಿದ್ದಾರೆಂದುಕೊಂಡೆ. ತಂದದ್ದು ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಹಳದಿ ಕಾರ್ಡು.

ನಮ್ಮ ಶಾಲೆಯ ಕಾರ್ಡು. ನನ್ನ ಅಕ್ಷರ.

ಮೂರು ವರ್ಷದ ಹಿಂದೆ ಆ ಭಾಗದ ಒಂದು ಸಮುದಾಯ ಭವನದಲ್ಲಿ ನಮ್ಮ ಶಾಲೆಯವರು ತಪಾಸಣೆ ಶಿಬಿರ ನಡೆಸಿದ್ದರು. ಮಗುವಿಗೆ ಹಸು, ಛತ್ರಿ, ತೆಂಗಿನಕಾಯಿಯ ಚಿತ್ರ ತೋರಿಸುವುದು, ಇದೇನು ಎಂದು ಕೇಳುವುದು, ಮೂಗು ಮುಟ್ಟು ಎನ್ನುವುದು, ಕೊನೆಗೆ ಕಾರ್ಡಿನಲ್ಲಿ ಒಂದು ಸಾಲು ಬರೆಯುವುದು. ಒಂದೊಂದು ಮಗುವಿಗೆ ಇಪ್ಪತ್ತು ನಿಮಿಷ. ಹೊರಗೆ ಸಾಲು ಮುಗಿಯುತ್ತಿರಲಿಲ್ಲ, ವಾಪಸು ಹೋಗುವ ವ್ಯಾನಿನ ಡ್ರೈವರು ಗಡಿಯಾರ ತೋರಿಸುತ್ತಿದ್ದ. ಹುಡುಗಿಯ ಮುಖ ನನಗೆ ನೆನಪಿಲ್ಲ, ಅದನ್ನೇ ಮೊದಲು ಒಪ್ಪಿಕೊಳ್ಳುತ್ತೇನೆ. ಕಾರ್ಡಿನಲ್ಲಿ ಮಾತೃಭಾಷೆ ಎಂಬ ಕಡೆ ಹಿಂದಿ ಎಂದು ಬರೆದಿದ್ದೆ. ತಾಯಿ ನನ್ನ ಜೊತೆ ಹರುಕು ಹಿಂದಿ ಆಡಿರಬೇಕು. ಮನೆಮಾತು ಯಾವುದೆಂದು ನಾನು ಕೇಳಿರಲಿಕ್ಕಿಲ್ಲ. ಲೇಯಾ ನಮ್ಮ ಶಾಲೆಗೆ ಬಂದದ್ದು ಅದಾದ ಮರುವರ್ಷ.

ರಾಹೇಲ್ ಕಾರ್ಡನ್ನು ನನಗೆ ಕೊಡಲಿಲ್ಲ. ಬಾಗಿಲಿಗೆ ಹೋಗಿ ಎದುರು ಕೋಣೆಯತ್ತ ಕರೆದರು. "ಶರಣಮ್ಮ, ಸ್ವಲ್ಪ ಬಾರೇ. ಇದರಾಗ ಏನ್ ಬರದದ ಓದು." ಮರಾಠಿಯವರ ಬಾಯಲ್ಲಿ ಅಚ್ಚ ರಾಯಚೂರಿನ ಕನ್ನಡ, ವಠಾರದಲ್ಲಿ ಕಲಿತದ್ದು.

ಶರಣಮ್ಮ ಎಂಬಾಕೆ ಗಾರೆ ಕೆಲಸದವಳು, ಕೈಯಲ್ಲಿನ್ನೂ ಹಿಟ್ಟಿತ್ತು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತಿದ್ದಳಂತೆ. ಬೆರಳಿಟ್ಟು, ಒಂದೊಂದೇ ಪದವನ್ನು ಕೂಡಿಸಿ, ಗಟ್ಟಿಯಾಗಿ ಓದಿದಳು.

"ಈ ಮಗುವಿಗೆ... ಮಾತು ತಿಳಿಯುವುದಿಲ್ಲ. ಕಲಿಕೆಗೆ... ಯೋಗ್ಯಳಲ್ಲ. ಮನೆಯಲ್ಲೇ... ನೋಡಿಕೊಳ್ಳತಕ್ಕದ್ದು."

ಓದಿ ಮುಗಿಸಿ ಕಾರ್ಡನ್ನು ತಿರುಗಿಸಿ ನೋಡಿದಳು. "ಇದು ಯಾರ್ದ್ರೀ? ನಮ್ಮ ಹನ್ನಾಂದಾ? ಯಾವಾಕಿ ಬರದಾಳ್ರೀ ಇದನ್ನ, ಕಣ್ಣು ಕುರುಡಿದ್ವೇನ್ ಆಕಿಗೆ?"

"ನಾನೇ ಬರೆದದ್ದು" ಎಂದೆ.

ಶರಣಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಬೈಯಲಿಲ್ಲ. "ಬರ್ರಿ ಇಲ್ಲೆ" ಎಂದು ನನ್ನ ಮುಂಗೈ ಹಿಡಿದು ತನ್ನ ಕೋಣೆಯ ಬಾಗಿಲಿಗೆ ಕರೆದೊಯ್ದಳು.

ಹನ್ನಾ ಅಲ್ಲಿದ್ದಳು. ಹನ್ನೊಂದು ವರ್ಷ, ತೆಳ್ಳಗೆ, ತಲೆ ಸ್ವಲ್ಪ ಒಂದು ಕಡೆಗೆ ವಾಲಿಸುತ್ತಾಳೆ. ಆ ಕೋಣೆಯಲ್ಲಿ ಎಂಟು ಜನ ಕೆಲಸಗಾರರು ವಾಸವಿದ್ದರು. ಗೋಡೆಯುದ್ದಕ್ಕೂ ಎಂಟು ತಟ್ಟೆ ಇಟ್ಟು, ಒಂದೊಂದಕ್ಕೆ ಎರಡೆರಡು ರೊಟ್ಟಿ ಹಾಕುತ್ತಿದ್ದಳು. ಏಳನೆಯದಕ್ಕೆ ಮೂರು ಹಾಕಿ, ಎಂಟನೆಯದರ ಮೇಲೆ ಇನ್ನೊಂದು ತಟ್ಟೆ ಮುಚ್ಚಿದಳು.

"ಅದಕ್ಕೆ ಯಾಕೆ ಮೂರು?" ಎಂದು ಕೇಳಿದೆ. ದನಿ ನನ್ನದೇ ಎಂದು ನನಗೆ ಅನಿಸಲಿಲ್ಲ.

ಅವಳು ಯೋಚಿಸಿದಳು. ಬಾಯಿ ಮೊದಲು ಅಲುಗಿತು, ಮಾತು ಆಮೇಲೆ ಬಂತು. "ನಿಂಗಣ್ಣಗ... ಹಸಿವಿ ಭಾಳ." ಮುಚ್ಚಿದ ತಟ್ಟೆ ತೋರಿಸಿ, "ಮಾನಪ್ಪ... ಡ್ಯೂಟಿಗಿ ಹೋಗ್ಯಾನ" ಎಂದಳು.

"ದಿನಾ ಆಕಿನೇ ಹಾಕೋದ್ರೀ" ಎಂದಳು ಶರಣಮ್ಮ. "ನಾ ಹೇಳಿಕೊಟ್ಟೀನಿ. ಒಂದ್ ವರ್ಷ ಹಿಡೀತು. ಹಿಡೀಲಿ, ನಮಗೇನ್ ಅವಸರ?"

ಒಂದು ವರ್ಷ. ನಾನು ಇಪ್ಪತ್ತು ನಿಮಿಷ ಕೊಟ್ಟಿದ್ದೆ. ನಾಚಿಕೆಯಾಯಿತು ಎಂದರೆ ಕಡಿಮೆಯಾದೀತು. ವೈಟ್‌ಫೀಲ್ಡಿನಲ್ಲಿ ಪಾಪ ಪಾಪ ಎಂದು ಬಡಿದುಕೊಂಡ ಬಾಯಿ ಇದೇ.

ಮತ್ತೆ ಬಂದು ಚಾಪೆಯ ಮೇಲೆ ಕೂತೆ. ರಾಹೇಲ್ ಎಸ್ತರ್ ಬಾಯಿಗೆ ಮರಾಠಿಯಲ್ಲಿ ಹೇಳಿದರು, ಎಸ್ತರ್ ಬಾಯಿ ನನ್ನತ್ತ ನೋಡದೆ ಅದನ್ನು ನನಗೆ ಕನ್ನಡದಲ್ಲಿ ಹೇಳಿದರು. ಅಂದು ಶಿಬಿರದಲ್ಲಿ ನಾನು ಸ್ಕೂಲು ಬೇಡ ಎಂದಷ್ಟೇ ಹೇಳಿದ್ದೆನಂತೆ. ಆದರೂ ತಾಯಿ ಕಾರ್ಡು ಹಿಡಿದುಕೊಂಡು ನಾಲ್ಕು ಶಾಲೆಗೆ ಹೋದರಂತೆ. ಎಲ್ಲ ಕಡೆಯೂ ಮೊದಲು ಕಾರ್ಡು ಓದುತ್ತಿದ್ದರು, ಓದಿದ ಮೇಲೆ ಹುಡುಗಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದರಲ್ಲಿ ಏನಿದೆ ಎಂದು ಇವರು ಯಾರನ್ನೂ ಕೇಳಲಿಲ್ಲ. ಕೇಳಲು ಹೆದರಿಕೆಯಾಗಿತ್ತಂತೆ. ಮನೆಯಲ್ಲಿ ಮರಾಠಿಯಲ್ಲಿ ಹತ್ತರವರೆಗೆ ಎಣಿಸುವುದನ್ನು ಹೇಳಿಕೊಡುತ್ತಿದ್ದರು, ಟೀಚರೇ ಬೇಡ ಎಂದ ಮೇಲೆ ಮಗುವನ್ನು ಹಿಂಸಿಸುವುದೇಕೆ ಎಂದು ಅದನ್ನೂ ಬಿಟ್ಟರಂತೆ.

"ನಾನು ಹೊಸ ಕಾರ್ಡು ಬರೆದುಕೊಡ್ತೀನಿ" ಎಂದೆ. "ಹಳೆಯದು ತಪ್ಪ..."

"ಹೊಸಾದು ಬ್ಯಾಡ" ಎಂದರು ರಾಹೇಲ್, ನೇರವಾಗಿ ನನಗೇ, ಕನ್ನಡದಲ್ಲೇ. "ಇದರ ಮ್ಯಾಲೇ ಬರೀರಿ."

ಬರೆದೆ. ನನ್ನ ಹಳೆಯ ಸಾಲಿಗೆ ಅಡ್ಡಗೆರೆ ಎಳೆದು, ಅದರ ಕೆಳಗೆ ಬರೆದೆ: ಈ ಮಗುವಿನ ಭಾಷೆ ಯಾವುದೆಂದು ನಾನು ಕೇಳಲಿಲ್ಲ. ಅವಳಿಗೆ ತಿಳಿಯದ ಭಾಷೆಯಲ್ಲಿ ಪರೀಕ್ಷೆ ಮಾಡಿದೆ. ತಪ್ಪು ನನ್ನದು, ಮಗುವಿನದಲ್ಲ. ಅವಳು ಕಲಿಯುತ್ತಾಳೆ. ಸಹಿ ಹಾಕಿದೆ. ಶರಣಮ್ಮ ಅದನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಅಷ್ಟು ಹೊತ್ತಿಗೆ ಬಾಗಿಲಲ್ಲಿ ವಠಾರದ ಹೆಂಗಸರು ನಾಲ್ಕೈದು ಜನ ನಿಂತಿದ್ದರು. ಹದಿನಾಲ್ಕು ವರ್ಷದಲ್ಲಿ ನಾನು ಬರೆದದ್ದನ್ನು ನನ್ನೆದುರೇ ಯಾರೂ ಓದಿ ಹೇಳಿರಲಿಲ್ಲ.

ರಾಹೇಲ್ ಅರ್ಜಿಯನ್ನು ಎಳೆದುಕೊಂಡರು. ಎಸ್ತರ್ ಬಾಯಿ ಅದರಲ್ಲಿದ್ದದ್ದನ್ನು ಮೇಲಿನಿಂದ ಕೆಳಗಿನವರೆಗೆ ಮರಾಠಿಯಲ್ಲಿ ಓದಿ ಹೇಳಿದರು. ಕೊನೆಯ ಸಾಲಿಗೆ ಬಂದಾಗ ನನ್ನ ಹೆಸರು ಕೇಳಿಸಿತು. ರಾಹೇಲ್ ಪೆನ್ನು ಕೆಳಗಿಟ್ಟರು.

"ಬೊಂಬಾಯಿ ಟೀಚರು ಬರಲಿ. ನೀವು ಬರಬಾರದು" ಎಂದರು. "ನನ್ ಮಗಳನ್ನ ನೀವು ಮತ್ತ ನೋಡೋದು ಬ್ಯಾಡ. ನೀವು ಒಳ್ಳೇರೇ ಇರಬಹುದು. ನನಗ ಆಗಂಗಿಲ್ಲ."

ನಾನು ಎಸ್ತರ್ ಬಾಯಿಯ ಮುಖ ನೋಡಿದೆ. ಶುಕ್ರವಾರ ಸಂಜೆ ನನ್ನ ತೋಳು ಹಿಡಿದುಕೊಂಡು ನಡೆದವರು, ಒಂದು ಮಾತು ಹೇಳುತ್ತಾರೆಂದು ಕಾದೆ. ಗಿರಿಜಾ ಬದಲಾಗಿದ್ದಾಳೆ, ಲೇಯಾಳಿಗೆ ಮಾತು ಬರಿಸಿದವಳು ಇವಳೇ, ಕೋಣೆಗೆ ಸುಣ್ಣ ಹೊಡೆಸಿದವಳು ಇವಳೇ. ಇಷ್ಟರಲ್ಲಿ ಒಂದನ್ನಾದರೂ ಹೇಳಬಹುದಿತ್ತು. ಅವರು ಪೆನ್ನನ್ನು ಎತ್ತಿ ನನ್ನ ಕಡೆ ಚಾಚಿದರು.

ನನ್ನ ಹೆಸರು ಹೊಡೆದು ಹಾಕಿದೆ. ಮೇಲೆ ಎಸ್ತರ್ ಬಾಯಿಯ ಹೆಸರು ಬರೆದೆ. ರಾಹೇಲ್ ಸಹಿ ಹಾಕಿದರು. ಮೂರು ಆಯಿತು.

ಶರಣಮ್ಮ ರೊಟ್ಟಿ ತಿಂದು ಹೋಗಿ ಎಂದು ಬಲವಂತ ಮಾಡಿದಳು. ನಾನು ಒಲ್ಲೆ ಎಂದೆ, ಅವಳು ಕೇಳಲಿಲ್ಲ. ಎರಡು ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಊರಿನ ಕಡೆಯದೇ ರುಚಿ. ಹನ್ನಾ ನನ್ನ ತಟ್ಟೆಯನ್ನು ನೋಡಿ, ಯೋಚಿಸಿ, ಇನ್ನೊಂದು ಹಾಕಲು ಬಂದಳು. ತಾಯಿ ಅವಳ ಕೈ ಹಿಡಿದು ತಮ್ಮ ಪಕ್ಕಕ್ಕೆ ಎಳೆದುಕೊಂಡರು.

ವಾಪಸು ಬರುವಾಗ ಬಸ್ಸು ಖಾಲಿಯಿತ್ತು. ಎಸ್ತರ್ ಬಾಯಿ ಕಿಟಕಿಯ ಕಡೆ, ನಾನು ಅವರ ಪಕ್ಕ, ಫೈಲು ನನ್ನ ತೊಡೆಯ ಮೇಲೆ. ಬೊಮ್ಮನಹಳ್ಳಿ ಬಂದಾಗ ಅವರು ಕೇಳಿದರು:

"ಅಂಥ ಕಾರ್ಡು ಇನ್ನೆಷ್ಟು ಬರೆದಿದೀಯ ಗಿರಿಜಾ?"

"ಗೊತ್ತಿಲ್ಲ ಬಾಯಿ."

"ಹುಡುಕ್ಬೇಕಲ್ವಾ?"

"ಹೂಂ" ಎಂದೆ. ತಮಿಳಿನವರು, ತೆಲುಗಿನವರು, ಉರ್ದುವಿನವರು, ಒಡಿಯಾದವರು, ಊರಿನ ಅಂಚಿನ ಕಾರ್ಖಾನೆಗಳಿಗೆ ಕೆಲಸ ಹುಡುಕಿಕೊಂಡು ಬಂದವರೇ ತಾನೇ ನಮ್ಮ ಶಿಬಿರಗಳಿಗೆ ಸಾಲುಗಟ್ಟುತ್ತಿದ್ದದ್ದು. ಶಾಲೆಯ ಬೀರುವಿನಲ್ಲಿ ನಕಲುಗಳಿರುತ್ತವೆ, ವಿಳಾಸಗಳೂ ಇರುತ್ತವೆ. ಆ ವಿಳಾಸಗಳಲ್ಲಿ ಈಗ ಯಾರಿದ್ದಾರೋ. ಅಂದು ಬಸ್ಸಿನಲ್ಲಿ ನನಗೆ ಇದಕ್ಕಿಂತ ಮುಂದೆ ಯೋಚಿಸಲು ಧೈರ್ಯ ಸಾಲಲಿಲ್ಲ. ಮೂರು ಸಹಿಗಳು ಸೋಮವಾರದ ರೈಲಿನಲ್ಲಿ ಹೋದವು, ದೀಪಾವಳಿ ಕಳೆದು ಟೀಚರೂ ಬಂದರು ಎಂದು ಆಮೇಲೆ ಬೇರೆಯವರಿಂದ ತಿಳಿಯಿತು. ಲೇಯಾಳನ್ನು ನಮ್ಮ ಶಾಲೆಯಿಂದ ಬಿಡಿಸಿಕೊಂಡು ಹೋಗಲು ಅವಳ ತಂದೆ ಬಂದಿದ್ದರು, ಅಜ್ಜಿ ಬಂದಿರಲಿಲ್ಲ.

ಅಂದು ಬಸ್ಸು ವಿಲ್ಸನ್ ಗಾರ್ಡನ್ನಿನ ಸ್ಟಾಪಿಗೆ ಬಂತು. ಎಸ್ತರ್ ಬಾಯಿ ನನ್ನ ತೊಡೆಯ ಮೇಲಿಂದ ಫೈಲು ತೆಗೆದುಕೊಂಡು ಎದ್ದರು. ಇಳಿದ ಮೇಲೆ ಕಿಟಕಿಯ ಸರಳಿಗೆ ಕೈಯಿಟ್ಟು ನಿಂತರು.

"ಶುಕ್ರವಾರ ಊಟಕ್ಕೆ ಬಾ. ಕೆಳಗಡೆ, ಮನೆಗೆ" ಎಂದರು. "ಮೇಲಿನ ಕೋಣೆಗೆ ಮಾತ್ರ ಬೇಡ."

ಬರುತ್ತೇನೆ ಎಂದೆ. ಹೋಗಲಿಲ್ಲ.